ಜೀವ ದಿಗಿಲಾದಾಗ ಯಾರಿಗೆ ಮೆಸೇಜ್ ಹಾಕ್ತಿ?

ಮಸ್ಕಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಬಿಸಿಯೂಟ ಮುಗಿದ ಹೊತ್ತು. ಒಂಬತ್ತನೇ ತರಗತಿಯ ಮಕ್ಕಳಿಗೆ ಪ್ರಶ್ನಾವಳಿಯ ಏಳನೇ ಪ್ರಶ್ನೆ ಓದಿ ಹೇಳುತ್ತಿದ್ದೆ: ಏನೋ ಕೆಟ್ಟದ್ದು ಆಗಿಬಿಡುತ್ತದೆ ಎಂಬ ಭಯ ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಕಾಡಿದೆ? ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ‘ಅಕ್ಕಾರ, ಪರೀಕ್ಷಾ ಮುಗದ ಮ್ಯಾಲ ಸಾಲಿ ಬಿಡಸ್ತಾರ ಅನ್ನೋ ಅಂಜಿಕಿ ಇದ್ರಾಗ ಬರ್ತೈತೇನ್ರಿ?’ ಬರ್ತೈತವ್ವ, ಅಂದೆ. ಕೂತು ಗುರುತು ಹಾಕಿದಳು. ಯಾವ ಖಾನೆಗೆ ಹಾಕಿದಳೆಂದು ನಾನು ಬಗ್ಗಿ ನೋಡಲಿಲ್ಲ.

ನಾನು ಸಿಂಧನೂರು ತಾಲೂಕಿನವಳು. ಸಮಾಜಕಾರ್ಯದಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ಹದಿಹರೆಯದ ಮಕ್ಕಳ ಆತಂಕವನ್ನು ಅವರ ಆನ್‌ಲೈನ್ ಗೆಳೆತನದ ಜಾಲದ ಮೂಲಕ ಅರಿಯುವುದು ನನ್ನ ವಿಷಯ. ಇದನ್ನು ಆರಿಸಿಕೊಂಡದ್ದಕ್ಕೆ ಕಾರಣ ಹಳೆಯದು. ಹತ್ತನೇ ತರಗತಿಯಲ್ಲಿದ್ದಾಗ ಪ್ರತಿ ಪರೀಕ್ಷೆಯ ದಿನ ಬೆಳಿಗ್ಗೆ ನಾನು ವಾಂತಿ ಮಾಡಿಕೊಳ್ಳುತ್ತಿದ್ದೆ. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ಅದಕ್ಕೊಂದು ಹೆಸರಿದೆ, ಅದು ನನ್ನೊಬ್ಬಳದೇ ಅಲ್ಲ ಎಂದು ತಿಳಿಯಲು ಎಂ.ಎಸ್.ಡಬ್ಲ್ಯೂ ಓದುವವರೆಗೆ ಕಾಯಬೇಕಾಯಿತು. ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದಿತು. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ಪೂರ್ವಪ್ರಯೋಗ ನಡೆದಿತ್ತು, ಅಷ್ಟೆ. ರಾಯಚೂರಿನ ಮಕ್ಕಳ ಬಗ್ಗೆ ಹೇಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಮೊದಲು ಬರೆದ ಪ್ರಸ್ತಾವನೆ ಈಗ ಓದಿದರೆ ಮೈ ಜುಮ್ಮೆನ್ನುತ್ತದೆ. ಮಕ್ಕಳ ಇನ್‌ಸ್ಟಾಗ್ರಾಂ ಪೋಸ್ಟು, ವಾಟ್ಸ್‌ಆ್ಯಪ್ ಸ್ಟೇಟಸ್‌ಗಳನ್ನು ಸಂಗ್ರಹಿಸಿ, ಅದರಲ್ಲಿ ಬೇಸರದ, ಭಯದ ಪದಗಳನ್ನು ಎಣಿಸುತ್ತೇನೆ ಎಂದು ಬರೆದಿದ್ದೆ. ನನ್ನ ಮಾರ್ಗದರ್ಶಕರು ಓದಿ, ಕನ್ನಡಕ ತೆಗೆದಿಟ್ಟು, ಫೇಸ್‌ಬುಕ್ ಕಥೆ ಹೇಳಿದರು. 2012ರ ಜನವರಿಯಲ್ಲಿ ಒಂದು ವಾರ 6,89,003 ಬಳಕೆದಾರರ ನ್ಯೂಸ್‌ಫೀಡನ್ನು ಬೇಕೆಂದೇ ಏರುಪೇರು ಮಾಡಿ, ಖುಷಿಯ ಅಥವಾ ಬೇಸರದ ಪೋಸ್ಟು ಕಡಿಮೆ ಕಂಡರೆ ಜನ ತಾವು ಏನು ಬರೆಯುತ್ತಾರೆಂದು ನೋಡಿದ್ದರು. 2014ರಲ್ಲಿ ಫಲಿತಾಂಶ ಪ್ರಕಟವಾದಾಗ ಜಗತ್ತಿನಾದ್ಯಂತ ಆಕ್ಷೇಪ ಎದ್ದಿತು. ಕಂಡ ಪರಿಣಾಮ ಬಹಳ ಸಣ್ಣದು. ಆದರೆ ಆ ಜನರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ‘ದೊಡ್ಡವ್ರನ್ನ ಕೇಳಲಾರದೆ ಮಾಡಿದ್ದಕ್ಕ ಅಷ್ಟು ಗದ್ದಲ ಆತು. ನೀನು ಹದಿನಾಲ್ಕು ವರ್ಷದ ಹುಡುಗ್ರ ಸ್ಟೇಟಸ್ ಎತ್ತಿಟ್ಕೋತೀನಿ ಅಂತಿ’ ಅಂದರು.

ಕಾನೂನೂ ಅಡ್ಡ ಬಂತು, ಬಂದದ್ದೇ ಒಳ್ಳೆಯದಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಪಾಲಕರ ಒಪ್ಪಿಗೆ ಬೇಕು, ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದಕ್ಕೆ ತಡೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪಾಲಕರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯನ್ನೂ ಕೇಳುತ್ತದೆ. ಇನ್ನೊಂದು ದಾರಿ ಹೊಳೆದಿತ್ತು: ಇನ್‌ಸ್ಟಾಗ್ರಾಂನಿಂದ ತಮ್ಮ ಮಾಹಿತಿಯ ಕಡತವನ್ನು ಬಳಕೆದಾರರೇ ಇಳಿಸಿಕೊಳ್ಳಬಹುದು, ಮಕ್ಕಳು ಅದನ್ನು ಕೊಟ್ಟರೆ ಸಾಕು ಎಂದುಕೊಂಡೆ. ನನ್ನದೇ ಕಡತ ಇಳಿಸಿ ತೆರೆದು ನೋಡಿದೆ. ನನ್ನ ಗೆಳತಿ ತನ್ನ ಗಂಡನ ಬಗ್ಗೆ ಎರಡು ವರ್ಷದ ಹಿಂದೆ ಬರೆದ ಮೆಸೇಜು ಅದರಲ್ಲಿತ್ತು. ಒಬ್ಬರು ಕೊಟ್ಟ ಕಡತದಲ್ಲಿ ಒಪ್ಪಿಗೆ ಕೊಡದ ಇನ್ನೂ ಹತ್ತು ಜನ ಇರುತ್ತಾರೆ. ಆ ದಾರಿ ಅಲ್ಲಿಗೇ ಬಿಟ್ಟೆ.

ಉಳಿದದ್ದು ಮಕ್ಕಳನ್ನೇ ಕೇಳುವ ಹಳೆಯ ದಾರಿ. 1932ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬಲ್ಲಿ ಹೆಣ್ಣುಮಕ್ಕಳ ವಸತಿಶಾಲೆಯೊಂದರಿಂದ ಎರಡು ವಾರದಲ್ಲಿ 14 ಹುಡುಗಿಯರು ಓಡಿಹೋಗಿದ್ದರು. ಜೇಕಬ್ ಮೊರೆನೊ ಎಂಬ ಮನೋವೈದ್ಯ ಹೆಲೆನ್ ಜೆನಿಂಗ್ಸ್ ಅವರ ಜೊತೆಗೂಡಿ, ಯಾರು ಯಾರ ಜೊತೆ ಇರಲು ಬಯಸುತ್ತಾರೆಂದು ಆ ಶಾಲೆಯ ಹುಡುಗಿಯರನ್ನು ಕೇಳಿ ನಕ್ಷೆ ಬರೆದರು. ಓಡಿಹೋಗುವ ಯೋಚನೆ ಹುಡುಗಿಯಿಂದ ಹುಡುಗಿಗೆ ದಾಟಿದ ಹಾದಿ ಅದರಲ್ಲಿ ಕಂಡಿತು. ಒಬ್ಬೊಬ್ಬರೂ ಒಂದು ಚುಕ್ಕಿ, ಹೆಸರಿಸಿದರೆ ಒಂದು ಬಾಣದ ಗೆರೆ. ನಮ್ಮ ಅಂಗಳದ ಚುಕ್ಕಿ ರಂಗೋಲಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ರಂಗೋಲಿಯಲ್ಲಿ ಯಾವ ಚುಕ್ಕಿಯೂ ಗೆರೆಯಿಲ್ಲದೆ ಉಳಿಯಬಾರದು ಎಂದು ಅವ್ವ ಹೇಳುತ್ತಿದ್ದಳು. ಇಲ್ಲಿ ಉಳಿಯುತ್ತವೆ, ಅಂಥ ಚುಕ್ಕಿಗಳನ್ನು ಹುಡುಕುವುದೇ ಕೆಲಸ.

ಹಾಗಾಗಿ ಮಕ್ಕಳಿಗೆ ಕೇಳುವ ಪ್ರಶ್ನೆ ಇದಾಯಿತು: ಜೀವ ದಿಗಿಲಾದಾಗ ಫೋನಿನಲ್ಲಿ ಯಾರಿಗೆ ಮೆಸೇಜ್ ಹಾಕ್ತಿ? ಐದು ಹೆಸರಿನವರೆಗೆ ಬರೆಯಬಹುದು. ಒಂದೂ ಬರೆಯದೆ ಇರಬಹುದು. ಅದರ ಜೊತೆ ಆತಂಕ ಅಳೆಯುವ ಜಿಎಡಿ-7 ಎಂಬ ಏಳು ಪ್ರಶ್ನೆಗಳ ಮಾಪನ. ಅದು 2006ರಲ್ಲಿ ಬಂದದ್ದು, ಬಳಸಲು ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಇದೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರು, ಒಟ್ಟು 21 ಅಂಕ. ಐದಕ್ಕೆ ಸೌಮ್ಯ, ಹತ್ತಕ್ಕೆ ಮಧ್ಯಮ, ಹದಿನೈದಕ್ಕೆ ತೀವ್ರ ಎಂದು ಲೆಕ್ಕ. ಇದು ರೋಗ ಹೇಳುವುದಿಲ್ಲ, ಯಾರನ್ನು ಕೂರಿಸಿಕೊಂಡು ಮಾತಾಡಿಸಬೇಕು ಎಂಬುದನ್ನಷ್ಟೇ ಹೇಳುತ್ತದೆ.

‘ಉದ್ವೇಗ’ ಎಂಬ ಮಾತು ಮಕ್ಕಳಿಗೆ ಅರ್ಥವಾಗಲಿಲ್ಲ. ನಿಮ್ಮ ಮಾತಿನಲ್ಲಿ ಏನಂತೀರಿ ಎಂದು ಕೇಳಿ ಕರಿಹಲಗೆ ಮೇಲೆ ಬರೆಯುತ್ತ ಹೋದೆ. ಎದಿ ಡವಡವ ಅಂತೈತಿ. ಹೊಟ್ಯಾಗ ಕಲಸಿದಂಗಾಗ್ತೈತಿ. ಕೈಕಾಲು ತಣ್ಣಗಾಗ್ತಾವ. ಜೀವ ಝಲ್ ಅಂತೈತಿ. ತಲ್ಯಾಗ ಅದಾ ತಿರಗತೈತಿ. ಹಲಗೆ ತುಂಬಿತು. ಮಾಪನದ ಪದ ಬದಲಿಸಿದರೆ ಅಂಕಗಳನ್ನು ಬೇರೆ ಕಡೆಯ ಅಂಕಗಳ ಜೊತೆ ಹೋಲಿಸಲಾಗದು, ಆದ್ದರಿಂದ ಮೂಲ ವಾಕ್ಯ ಹಾಗೇ ಇಟ್ಟು, ಪಕ್ಕದಲ್ಲಿ ಅವರದೇ ಮಾತಿನ ವಿವರಣೆ ಬರೆದು, ಪ್ರತಿ ತರಗತಿಯಲ್ಲೂ ಅದನ್ನೇ ಅಕ್ಷರ ತಪ್ಪದೆ ಓದಿದೆ.

ಪೂರ್ವಪ್ರಯೋಗ ಮಾಡಿದ್ದು ಸಿಂಧನೂರು ಬಳಿಯ ಕಾಲುವೆ ಊರೊಂದರಲ್ಲಿ, 2024ರ ಆಗಸ್ಟ್‌ನಲ್ಲಿ. ಆ ತಿಂಗಳ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಭತ್ತ ನಾಟಿ ಮಾಡಿದ ಮನೆಗಳ ಮಕ್ಕಳು ಅವರು. ಎಲ್ಲರ ಸ್ಟೇಟಸ್ಸಿನಲ್ಲೂ ಅದೇ ನೀರು ನುಗ್ಗುವ ವಿಡಿಯೊ. ‘ನೀರು ಖಾಲಿ ಆದ್ರ ನಮ್ಮಪ್ಪ ಸಾಲ ಹೆಂಗ ತೀರಸ್ತಾನ’ ಎಂದು ಒಬ್ಬ ಹುಡುಗ ಪ್ರಶ್ನಾವಳಿಯ ಅಂಚಿನಲ್ಲಿ ಬರೆದಿದ್ದ. ಆ ವಾರ ತುಂಬಿದ ಹಾಳೆಗಳಲ್ಲಿ ಏಳನೇ ಪ್ರಶ್ನೆಯ ಅಂಕ ನಾನು ಅಂದುಕೊಂಡಿದ್ದಕ್ಕಿಂತ ಬಹಳ ಮೇಲಿತ್ತು. ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ಮಕ್ಕಳ ಸ್ಟೇಟಸ್ಸು ಮತ್ತೆ ರೀಲ್ಸಿಗೆ ಮರಳಿತು. ಎರಡು ವಾರದ ಭಯವನ್ನು ಕೇಳುವ ಪ್ರಶ್ನೆ ಆ ಎರಡು ವಾರದಲ್ಲಿ ಊರಿಗೆ ಏನಾಯಿತೆಂಬುದನ್ನೂ ಅಳೆದುಬಿಡುತ್ತದೆ. ಅಂದಿನಿಂದ ಪ್ರತಿ ಸಲ ಹಾಳೆ ಹಂಚುವ ಮೊದಲು ಆ ಹದಿನೈದು ದಿನದ ಊರಿನ ಸುದ್ದಿ ಬರೆದಿಡುತ್ತೇನೆ: ಮಳೆ, ಜಾತ್ರೆ, ಸಾವು, ಪೂರ್ವಸಿದ್ಧತಾ ಪರೀಕ್ಷೆ. ಹತ್ತನೆಯವರ ಭಯದಲ್ಲಿ ಕ್ಯಾಮೆರಾ ಬೇರೆ ಸೇರಿತ್ತು. 2024ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದಿದೆ. ಕಾಪಿ ಹೊಡೆಯುವ ಯೋಚನೆಯೇ ಇಲ್ಲದ ಮಕ್ಕಳೂ ‘ಮ್ಯಾಲಿಂದ ಯಾರೋ ನೋಡಾಕತ್ತಾರ ಅಂದ್ರ ಬರ್ದಿದ್ದೂ ಮರ್ತೋಗ್ತೈತ್ರಿ’ ಎನ್ನುತ್ತಿದ್ದರು.

ಪಾಲಕರ ಒಪ್ಪಿಗೆ ಪಡೆಯುವುದಕ್ಕೆ ಎರಡು ತಿಂಗಳು ಹಿಡಿಯಿತು. ಮಸ್ಕಿ, ಲಿಂಗಸುಗೂರು, ದೇವದುರ್ಗದ ಒಣಭೂಮಿ ಊರುಗಳಿಂದ ಜನ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ. ಅಪ್ಪ ಸಿಗುವುದು ರಾತ್ರಿ ಎಂಟರ ಮೇಲೆ, ಕಟ್ಟಡದ ಶೆಡ್ಡಿನಲ್ಲಿ ಫೋನು ಚಾರ್ಜಿಗೆ ಹಾಕಿದಾಗ. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಹೇಳುತ್ತಿದ್ದೆ. ಒಬ್ಬ ತಂದೆ ಕೇಳಿಸಿಕೊಂಡು, ಸಿಮೆಂಟು ಚೀಲದ ಕಾಗದ ಹರಿದು, ಅದರ ಮೇಲೆ ಹೆಬ್ಬೆಟ್ಟು ಒತ್ತಿ ಫೋಟೊ ಕಳಿಸಿದ. ಕಾಗದದ ಅಂಚಿನಲ್ಲಿ ಬೂದುಬಣ್ಣದ ಧೂಳು ಕಾಣುತ್ತಿತ್ತು. ಕೆಳಗೆ ವಾಯ್ಸ್ ಮೆಸೇಜು: ‘ಆಕಿ ಫೋನ್ ಮಾಡಿದಾಗ ಏನೂ ಹೇಳಂಗಿಲ್ರಿ, ಆರಾಮದೀನಿ ಅಂತಾಳ. ನಿಮ್ಮ ಮುಂದಾದ್ರೂ ಹೇಳಲಿ.’

ಈಗ ನನ್ನ ತಪ್ಪಿನ ವಿಷಯ. ಹಾಳೆಯಲ್ಲಿ ಪಕ್ಕದವರು ಇಣುಕುತ್ತಾರೆ, ಗೂಗಲ್ ಫಾರ್ಮ್ ಆದರೆ ಗುಟ್ಟಾಗಿರುತ್ತದೆ ಎಂದು ನಂಬಿದ್ದೆ. ಹೆಸರು ಬೇಡ, ಇಮೇಲ್ ಬೇಡ. ಏಳು ಪ್ರಶ್ನೆ, ಕೊನೆಗೆ ಏನಾದರೂ ಬರೆಯಲು ಒಂದು ಖಾಲಿ ಜಾಗ. ಒಪ್ಪಿಗೆ ಸಿಕ್ಕ ಮಕ್ಕಳಿಗೆ ಲಿಂಕು ಹೋಯಿತು. ಶಾಲೆಗೆ ಫೋನು ತರುವಂತಿಲ್ಲ, ಮನೆಯಲ್ಲೇ ತುಂಬಬೇಕು. ಉತ್ತರ ಬಂದ ಸಮಯ ನೋಡುತ್ತ ಕೂತರೆ ಎಲ್ಲವೂ ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ. ಯಾಕೆಂದು ಆಮೇಲೆ ತಿಳಿಯಿತು. ಮನೆಗೊಂದೇ ಫೋನು, ಅದು ಅಣ್ಣನದೋ ಅಪ್ಪನದೋ, ಮನೆಗೆ ಬರುವುದೇ ಆ ಹೊತ್ತಿಗೆ. ಒಂದು ಉತ್ತರದಲ್ಲಿ ಏಳಕ್ಕೂ ಸೊನ್ನೆ ಹಾಕಿ ಖಾಲಿ ಜಾಗದಲ್ಲಿ ‘ಈಕಿಗೆ ಏನೂ ಟೆನ್ಷನ್ ಇಲ್ಲ’ ಎಂದಿತ್ತು. ಹುಡುಗಿಯ ಪರವಾಗಿ ಅವಳ ಮನೆಯವರೇ ಯಾರೋ ತುಂಬಿದ್ದರು. ಎರಡನೇ ದಿನ ಯಾರೋ ಲಿಂಕನ್ನು ಸ್ಟೇಟಸ್ಸಿಗೆ ಹಾಕಿದರು. ಒಪ್ಪಿಗೆ ಕೊಟ್ಟವರ ಸಂಖ್ಯೆಗಿಂತ ಉತ್ತರಗಳೇ ಹೆಚ್ಚಾದವು.

ಆ ರಾತ್ರಿ 10.52ಕ್ಕೆ ಒಂದು ಉತ್ತರ ಬಂದಿತ್ತು. ನಾನು ನೋಡಿದ್ದು ಹನ್ನೆರಡರ ಹೊತ್ತಿಗೆ. ಅಂಕ 19. ಖಾಲಿ ಜಾಗದಲ್ಲಿ ಎರಡೇ ವಾಕ್ಯ. ‘ರಾತ್ರಿ ನಿದ್ದಿ ಬರಂಗಿಲ್ಲ. ಯಾರಿಗೂ ಹೇಳಬ್ಯಾಡ್ರಿ.’

ಯಾರಿಗೂ ಹೇಳುವ ಮಾತಿರಲಿ, ಬರೆದವರು ಯಾರೆಂದೇ ನನಗೆ ಗೊತ್ತಿಲ್ಲ. ಗೊತ್ತಾಗದಂತೆ ನಾನೇ ಕಟ್ಟಿದ್ದೆ. ಜೀವಕ್ಕೆ ಅಪಾಯ ಕಂಡರೆ ಮಾತ್ರ ಗುಟ್ಟು ಬಿಟ್ಟುಕೊಡುತ್ತೇನೆ, ಸಹಾಯಕ್ಕೆ ಬರುತ್ತೇನೆ ಎಂದು ಸಮ್ಮತಿ ಪತ್ರದಲ್ಲಿ ಬರೆದಿದ್ದೆ. ಆ ಮಾತಿನ ಅರ್ಧವನ್ನು ಉಳಿಸಿಕೊಳ್ಳಲು ನನಗೆ ದಾರಿಯೇ ಇರಲಿಲ್ಲ. ಅದು ಅದೇ ಶಾಲೆಯ ಮಗುವೋ, ಸ್ಟೇಟಸ್ ನೋಡಿ ಬೇರೆಲ್ಲಿಂದಲೋ ತುಂಬಿದ್ದೋ. ಅಷ್ಟು ಹೊತ್ತಿನಲ್ಲಿ ಮಾರ್ಗದರ್ಶಕರಿಗೆ ಫೋನು ಮಾಡಿದೆ, ಎತ್ತಿದರು. ಬಯ್ಯಲಿಲ್ಲ. ‘ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗು’ ಅಂದರು.

ಗೂಗಲ್ ಫಾರ್ಮ್ ಮುಚ್ಚಿದಾಗ ಲಿಂಕು ಒತ್ತಿದವರಿಗೆ ಕಾಣಲು ಒಂದು ಸಂದೇಶ ಬರೆಯಬಹುದು. ಆ ರಾತ್ರಿಯೇ ಫಾರ್ಮ್ ಮುಚ್ಚಿ ಅಲ್ಲಿ ಹೀಗೆ ಬರೆದೆ: ನಿದ್ದೆ ಬರದಿದ್ದರೆ, ಜೀವ ಬೇಸರವಾದರೆ 14416ಕ್ಕೆ ಫೋನು ಮಾಡು, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ಯಾರಾದರೂ ನಿನಗೆ ತೊಂದರೆ ಕೊಡುತ್ತಿದ್ದರೆ 1098. ಕೆಳಗೆ ನನ್ನ ನಂಬರು. 14416 ಎಂದರೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಬೆಳಿಗ್ಗೆ ಶಾಲೆಯ ಎಲ್ಲ ಸೆಕ್ಷನ್ನಿಗೂ ಹೋಗಿ ಅದನ್ನೇ ಹೇಳಿದೆ, ಹಲಗೆ ಮೂಲೆಯಲ್ಲಿ ನಂಬರು ಬರೆದು ಅಳಿಸಬೇಡಿ ಎಂದು ಗೆರೆ ಹಾಕಿದೆ. ಆಮೇಲೆ ಬೇವಿನ ಮರದ ಕಟ್ಟೆಯ ಮೇಲೆ ಸಂಜೆವರೆಗೆ ಕೂತೆ. ಮೂರು ಮಕ್ಕಳು ಒಬ್ಬೊಬ್ಬರಾಗಿ ಬಂದರು. ಮೂವರಿಗೂ ಅವರವರ ದಿಗಿಲಿತ್ತು, ಕೇಳಿದೆ, ಮಾಡಬೇಕಾದದ್ದು ಮಾಡಿದೆ. ನಿನ್ನೆ ರಾತ್ರಿ ಬರೆದವರು ನೀವೇನಾ ಎಂದು ಯಾರನ್ನೂ ಕೇಳಲಿಲ್ಲ. ಹೇಳಬೇಡಿ ಎಂದು ಬೇಡಿಕೊಂಡ ಮಗುವಿಗೆ ಆ ಪ್ರಶ್ನೆಯೇ ಭಯ ಹುಟ್ಟಿಸುತ್ತಿತ್ತು. ಬರೆದದ್ದು ಆ ಮೂವರಲ್ಲಿ ಒಬ್ಬರೋ ಅಲ್ಲವೋ ಇವತ್ತಿಗೂ ತಿಳಿಯದು.

ಸುದ್ದಿ ಶಾಲೆಗೆ ಗೊತ್ತಾಯಿತು. ಮುಖ್ಯೋಪಾಧ್ಯಾಯರು ಕರೆದು, ಯಾವ ಮಕ್ಕಳಿಗೆ ಟೆನ್ಷನ್ ಇದೆಯೋ ಪಟ್ಟಿ ಕೊಡಿ, ನಾವೇ ಕರೆಸಿ ಬುದ್ಧಿ ಹೇಳುತ್ತೇವೆ ಎಂದರು. ಮಕ್ಕಳ ಮೇಲೆ ಅಕ್ಕರೆ ಇದ್ದವರೇ. ಆದರೂ ಕೊಡಲಿಲ್ಲ. ಆ ಪಟ್ಟಿ ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ದಿನ ಇದ್ದರೂ ಸಾಕು, ಆ ಹೆಸರುಗಳಿಗೆ ಅಡ್ಡಹೆಸರು ಅಂಟಿಕೊಳ್ಳುತ್ತದೆ. ಅದರ ಬದಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕರೆಸಿ ಎಲ್ಲ ಮಕ್ಕಳಿಗೂ ಮಾತಾಡಿಸೋಣ ಎಂದೆ, ಒಪ್ಪಿದರು.

ಫಾರ್ಮಿನ ಉತ್ತರಗಳೆಲ್ಲವನ್ನೂ ವಿಶ್ಲೇಷಣೆಯಿಂದ ತೆಗೆದುಹಾಕಿದೆ. ಮತ್ತೆ ಹಾಳೆಗೆ ಬಂದೆ. ಮಕ್ಕಳನ್ನು ದೂರದೂರ ಕೂರಿಸಿ, ಹೆಸರಿನ ಬದಲು ಒಂದೊಂದು ಸಂಖ್ಯೆ ಕೊಟ್ಟೆ. ಸಂಖ್ಯೆ ಯಾರದೆಂಬ ಪುಸ್ತಕ ನನ್ನ ಬಳಿ ಮಾತ್ರ, ಬೀಗದೊಳಗೆ. ಮಕ್ಕಳು ಬರೆದ ಗೆಳೆಯರ ಹೆಸರನ್ನೂ ಅಂದೇ ಸಂಖ್ಯೆಗೆ ಬದಲಿಸಿ ಗೆಫಿ ಎಂಬ ಉಚಿತ ತಂತ್ರಾಂಶದಲ್ಲಿ ನಕ್ಷೆ ಬಿಡಿಸಿದೆ. ಹದಿನೈದರ ಮೇಲೆ ಅಂಕ ಬಂದರೆ ಮರುದಿನವೇ ಆ ಮಗುವನ್ನು ಕಾಣಬೇಕು ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ.

ನಕ್ಷೆ ತೆರೆಯ ಮೇಲೆ ಹರಡಿದಾಗ ಮೊದಲು ನೋಡಿದ್ದು ಒಬ್ಬ ಹುಡುಗನ ಚುಕ್ಕಿಯನ್ನು. ಅವನ ಇನ್‌ಸ್ಟಾಗ್ರಾಂನಲ್ಲಿ ನಾನೂರಕ್ಕೂ ಹೆಚ್ಚು ಫಾಲೋವರ್ಸ್, ದಿನಕ್ಕೊಂದು ಬೈಕಿನ ರೀಲು. ದಿಗಿಲಾದಾಗ ಮೆಸೇಜ್ ಹಾಕುವ ಹೆಸರು ಮಾತ್ರ ಒಂದೂ ಬರೆದಿರಲಿಲ್ಲ. ಮಾತಿಗೆ ಕೂತಾಗ ಅವನು ಹೇಳಿದ್ದು ಹಸಿರು ರಿಂಗಿನ ವಿಷಯ. ಇನ್‌ಸ್ಟಾಗ್ರಾಂನಲ್ಲಿ ಕ್ಲೋಸ್ ಫ್ರೆಂಡ್ಸ್ ಎಂದು ಆಯ್ದವರಿಗೆ ಮಾತ್ರ ಸ್ಟೋರಿ ತೋರಿಸಬಹುದು, ಅವರಿಗೆ ಆ ಸ್ಟೋರಿಯ ಸುತ್ತ ಹಸಿರು ಬಳೆ ಕಾಣುತ್ತದೆ. ಪಟ್ಟಿಯಿಂದ ತೆಗೆದರೆ ಯಾವ ಸೂಚನೆಯೂ ಬರುವುದಿಲ್ಲ. ಇವನಿಗೆ ಗೊತ್ತಾದದ್ದು ಕ್ಲಾಸಿನಲ್ಲಿ, ಉಳಿದವರು ನಿನ್ನೆಯ ಸ್ಟೋರಿ ನೆನೆಸಿಕೊಂಡು ನಕ್ಕಾಗ. ‘ನಂಗ ಹಸಿರು ಕಾಣವಲ್ದು ಅಂತ ಮನಿಗೋಗಿ ಹತ್ತು ಸಲ ರಿಫ್ರೆಶ್ ಮಾಡಿದ್ನಿರಿ. ನೆಟ್‌ವರ್ಕ್ ಇಲ್ಲೇನೋ ಅನ್ಕಂಡೆ.’ ಹೇಳುವಾಗ ಅವನ ಹೆಬ್ಬೆರಳು ಖಾಲಿ ಬೆಂಚಿನ ಮೇಲೆ ಫೋನು ಎಳೆದಂತೆ ಕೆಳಗೆ ಕೆಳಗೆ ಎಳೆಯುತ್ತಿತ್ತು.

ಮಕ್ಕಳ ಪೋಸ್ಟುಗಳನ್ನು ಎಣಿಸಿದ್ದರೆ ಇವನು ತರಗತಿಯಲ್ಲೇ ಅತಿ ಖುಷಿಯ ಹುಡುಗ ಎಂದು ಬರೆದುಬಿಡುತ್ತಿದ್ದೆ. ಹೆಚ್ಚು ದಿಗಿಲಿದ್ದ ಮಕ್ಕಳಲ್ಲಿ ಕೆಲವರು ಸ್ಟೇಟಸ್ಸೇ ಹಾಕುತ್ತಿರಲಿಲ್ಲ. ಹಾಕಿದರೆ ಯಾರು ನೋಡಿದರು, ಯಾರು ನೋಡಲಿಲ್ಲ ಎಂದು ಎಣಿಸುತ್ತ ಕೂರಬೇಕಾಗುತ್ತದೆ ಎಂದು ಬಿಟ್ಟಿದ್ದರು. ಒಬ್ಬಳು ಬ್ಲೂ ಟಿಕ್ ಆಫ್ ಮಾಡಿಟ್ಟಿದ್ದಳು. ಹಾಗೆ ಮಾಡಿದರೆ ತನ್ನ ಸ್ಟೇಟಸ್ ಯಾರು ನೋಡಿದರೆಂಬುದೂ ಕಾಣುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೇ. ಇಂಥದ್ದು ಮಗುವಿನ ಬಾಯಿಂದ ಬರಬೇಕು, ಹೊರಗಿನಿಂದ ಯಾವ ತಂತ್ರಾಂಶ ಹಾಕಿದರೂ ಸಿಗುವುದಿಲ್ಲ.

ಯಾರೂ ಹೆಸರಿಸದ ಮಗು ಅದಕ್ಕಾಗಿ ಆತಂಕಕ್ಕೆ ಬೀಳುತ್ತದೋ, ಆತಂಕವಿರುವ ಮಗು ತಾನಾಗಿಯೇ ಹಿಂದೆ ಸರಿಯುತ್ತದೋ ಎಂದು ಒಂದು ಸಲದ ನಕ್ಷೆಯಿಂದ ಹೇಳಲಾಗದು. ಅದಕ್ಕೇ ಎರಡನೇ ಸುತ್ತು, ಪರೀಕ್ಷೆ ಹತ್ತಿರ ಬಂದಾಗ. ಒಂದು ಶಾಲೆಯ ಎರಡು ಸುತ್ತಿನಿಂದಲೂ ದೊಡ್ಡ ಮಾತು ಆಡುವಂತಿಲ್ಲ, ನಾನು ಆಡುವುದೂ ಇಲ್ಲ.

ಆ ಸುತ್ತಿನಲ್ಲಿ 23ನೇ ಸಂಖ್ಯೆಗೆ 16 ಅಂಕ ಬಂತು. ಪುಸ್ತಕ ತೆಗೆದು ನೋಡಿದರೆ ಸಿಮೆಂಟು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ ತಂದೆಯ ಮಗಳು. ಮರುದಿನ ಶಾಲೆಗೆ ಹೋಗಿ ಅವಳನ್ನು ಕಂಡೆ. ಸಂಜೆ ಅವಳ ಜೊತೆ ಮನೆಗೆ ಹೋಗಿ ಅಜ್ಜಿಯ ಮುಂದೆ ಕೂತು ಮಾತಾಡಿದೆ, ತಂದೆಗೂ ಫೋನು ಹಚ್ಚಿ ಕೊಟ್ಟೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಹುಚ್ಚಾಸ್ಪತ್ರೆ ಏನವ್ವ ಅದು ಎಂದು ಅಜ್ಜಿ ಕೇಳಿದಳು. ಅಲ್ಲಬೇ, ನಿದ್ದಿ ಬರಲಾರದವ್ರಿಗೆ ನೋಡೋ ಡಾಕ್ಟರು, ಅಂದೆ. ಬಂದಳು. ವೈದ್ಯರು ಹುಡುಗಿಗೆ ಗುಳಿಗೆ ಕೊಡಲಿಲ್ಲ, ಅರ್ಧ ತಾಸು ಮಾತಾಡಿಸಿ, ಉಸಿರಾಟದ ಅಭ್ಯಾಸ ಕಲಿಸಿ, ಎರಡು ವಾರಕ್ಕೆ ಮತ್ತೆ ಬರಲು ಹೇಳಿದರು.

ಹೊರಗೆ ಬೆಂಚಿನ ಮೇಲೆ ಅಜ್ಜಿಗಾಗಿ ಕಾಯುತ್ತ ಕೂತಿದ್ದಾಗ ಹುಡುಗಿ ಕೇಳಿದಳು. ‘ಅಕ್ಕಾರ, ನಾ ಐದು ಮಂದಿ ಹೆಸರು ಬರ್ದಿದ್ನಲ್ರಿ, ಅವರು ನನ್ ಹೆಸರು ಬರ್ದಾರೇನ್ರಿ?’

23ನೇ ಚುಕ್ಕಿಯಿಂದ ಐದು ಬಾಣ ಹೊರಟಿದ್ದವು. ಒಂದೂ ಅದರ ಕಡೆ ಬಂದಿರಲಿಲ್ಲ.

‘ಅವರು ಬರೆದದ್ದು ಅವರ ಗುಟ್ಟವ್ವ, ನೀ ಬರೆದದ್ದು ನಿನ್ನ ಗುಟ್ಟು. ಯಾರದ್ದೂ ಯಾರಿಗೂ ಹೇಳಂಗಿಲ್ಲ’ ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ‘ಅಂದ್ರ ನಿಮಗ ಗೊತ್ತೈತಿ.’

ಈಗ ಮುಂದಿನ ಶಾಲೆಯ ಸಮ್ಮತಿ ಪತ್ರ ತಿದ್ದುತ್ತಿದ್ದೇನೆ. ‘ನೀನು ಯಾರ ಹೆಸರು ಬರೆದೆ ಎಂದು ಯಾರಿಗೂ ಹೇಳುವುದಿಲ್ಲ’ ಎಂಬ ಸಾಲಿನ ಕೆಳಗೆ ಹೊಸದೊಂದು ಸಾಲು ಸೇರಿಸಿದ್ದೇನೆ: ‘ನಿನ್ನ ಹೆಸರು ಯಾರು ಬರೆದರು ಎಂಬುದನ್ನು ನಿನಗೂ ಹೇಳುವುದಿಲ್ಲ. ಇದು ಬೇಡ ಅನ್ನಿಸಿದರೆ ಈ ಪ್ರಶ್ನೆ ಬಿಡಬಹುದು, ಉಳಿದದ್ದು ತುಂಬಬಹುದು.’ ಈ ಸಾಲನ್ನು ಓದಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು ಎಂದು ಅಂಚಿನಲ್ಲಿ ನನಗಾಗಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದೇನೆ.